ಒಂದು ಫೋಟೊ, ನಾಲ್ಕು ಸಾಲು



ಇವತ್ತು ಬೆಳಗ್ಗೆ ಎದ್ದ ಮೇಲೆ ನೀವು ಎಷ್ಟು ಜೀವಿಗಳನ್ನು ನೋಡಿದಿರಿ? ಸ್ವಲ್ಪ ನೆನಪು ಮಾಡಿಕೊಳ್ಳಿ. ಬಾಗಿಲು ತೆಗೆದಾಗ ತಂತಿಯ ಮೇಲೆ ಕಾಗೆ ಇತ್ತು. ನೀರು ಹಿಡಿಯುವಾಗ ಗೋಡೆ ಮೇಲೆ ಅಳಿಲು ಓಡಿತು. ಪಾತ್ರೆ ತೊಳೆಯುವ ಕಡೆ ಗೊರವಂಕ ಬಂದು ಅನ್ನದ ಅಗುಳು ಹೆಕ್ಕಿತು. ಬೇಲಿಯ ಮೇಲೆ ಓತಿಕ್ಯಾತ ತಲೆ ಆಡಿಸುತ್ತಿತ್ತು. ಖಾಲಿ ಸೈಟಿನ ಪೊದೆಯಿಂದ ಮುಂಗುಸಿ ಹೊರಗೆ ಬಂದು ರಸ್ತೆ ದಾಟಿತು. ಅಲ್ವಾ?

ನಾಗಸಂದ್ರ ಈಗ ಹಳ್ಳಿ ಅಲ್ಲ. ಒಂದು ಕಡೆ ತುಮಕೂರು ರಸ್ತೆ. ಇನ್ನೊಂದು ಕಡೆ ಪೀಣ್ಯದ ಕಾರ್ಖಾನೆಗಳು. 2015ರಲ್ಲಿ ಮೆಟ್ರೊ ರೈಲೂ ಬಂತು. ಆದರೂ ಇಷ್ಟು ಜೀವಿಗಳು ನಮ್ಮ ಜೊತೆ ಬಾಳುತ್ತಿವೆ. ನಾವು ದಿನಾ ನೋಡುತ್ತೇವೆ. ಆಮೇಲೆ ಮರೆತುಬಿಡುತ್ತೇವೆ.

ಒಂದು ದಿನ ಆ ಮುಂಗುಸಿ ಕಾಣದೇ ಹೋದರೆ? "ಮೊದಲು ಇಲ್ಲಿ ಮುಂಗುಸಿ ಇತ್ತು" ಅಂತ ನಾವು ಹೇಳಬಹುದು. "ಎಲ್ಲಿತ್ತು? ಯಾವಾಗ ಇತ್ತು? ಏನು ಸಾಕ್ಷಿ?" ಅಂತ ಯಾರಾದರೂ ಕೇಳಿದರೆ ಏನು ಹೇಳೋದು?

ಈ ಪಾಠ ಆ ಸಾಕ್ಷಿಯ ಬಗ್ಗೆ. ಒಂದು ಫೋಟೊ, ಅದರ ಕೆಳಗೆ ನಾಲ್ಕು ಸಾಲು ಬರಹ. ಇವೆರಡು ಸೇರಿದರೆ ಸಾಕ್ಷಿ ಆಗುತ್ತೆ. ಇದನ್ನು ಯಾರು ಬೇಕಾದರೂ ಮಾಡಬಹುದು. ಅಕ್ಷರ ಕಲಿತ ನೀವೂ ಮಾಡಬಹುದು.

ಹೆಸರು ಯಾಕೆ ಬೇಕು?

"ಅಲ್ಲಿ ಬೆಳ್ಳಕ್ಕಿ ಕೂತಿದೆ" ಅಂತೀವಿ. ಆದರೆ ಬೆಳ್ಳಗಿರುವ ಹಕ್ಕಿ ಎಲ್ಲಾ ಒಂದೇ ಅಲ್ಲ. ಚೆನ್ನಾಗಿ ನೋಡಿ.

ದನದ ಹಿಂದೆ ಹಿಂದೆ ನಡೆಯುವ ಹಕ್ಕಿಗೆ ಕೊಕ್ಕು ಹಳದಿ. ಕತ್ತು ಸ್ವಲ್ಪ ಗಿಡ್ಡ. ಅದು ಗೋವಕ್ಕಿ. ದನ ನಡೆಯುವಾಗ ಹುಲ್ಲಿನಿಂದ ಹುಳ ಹಾರುತ್ತೆ. ಅದನ್ನು ಹಿಡಿದು ತಿನ್ನುತ್ತೆ. ಮರಿ ಮಾಡುವ ಕಾಲ ಬಂದಾಗ ಅದರ ತಲೆ, ಕತ್ತು ಕಿತ್ತಳೆ ಬಣ್ಣಕ್ಕೆ ತಿರುಗುತ್ತೆ.

ಕೆರೆಯ ಅಂಚಿನಲ್ಲಿ ನಿಲ್ಲುವ ಚಿಕ್ಕ ಬೆಳ್ಳಕ್ಕಿ ಬೇರೆ. ಅದರ ಕೊಕ್ಕು ಕಪ್ಪು. ಕಾಲೂ ಕಪ್ಪು. ಆದರೆ ಪಾದ ಮಾತ್ರ ಹಳದಿ. ಹಳದಿ ಚಪ್ಪಲಿ ಹಾಕಿಕೊಂಡ ಹಾಗೆ! ಅದಕ್ಕೆ ಮೀನು ಬೇಕು, ನೀರು ಬೇಕು.

ಎರಡಕ್ಕೂ ಬೇರೆ ಬೇರೆ ಊಟ, ಬೇರೆ ಬೇರೆ ಜಾಗ. ಕೆರೆ ಕೆಟ್ಟು ಮೀನು ಸತ್ತರೆ ಗೋವಕ್ಕಿಗೆ ಅಷ್ಟು ತೊಂದರೆ ಇಲ್ಲ. ಚಿಕ್ಕ ಬೆಳ್ಳಕ್ಕಿಗೆ ಊಟವೇ ಇಲ್ಲ. ಎರಡನ್ನೂ "ಬೆಳ್ಳಕ್ಕಿ" ಅಂತ ಒಟ್ಟಿಗೆ ಎಣಿಸಿದರೆ ಈ ವಿಷಯ ನಮಗೆ ತಿಳಿಯೋದೇ ಇಲ್ಲ.

ಹೀಗೆ ಒಂದೊಂದು ಬಗೆಯ ಜೀವಿಗೆ ವಿಜ್ಞಾನಿಗಳು "ಪ್ರಭೇದ" ಅನ್ನುತ್ತಾರೆ. ಗೋವಕ್ಕಿ ಒಂದು ಪ್ರಭೇದ. ಚಿಕ್ಕ ಬೆಳ್ಳಕ್ಕಿ ಇನ್ನೊಂದು ಪ್ರಭೇದ. ನಮ್ಮ ಕಾಗೆಯಲ್ಲೂ ಎರಡಿದೆ. ಕತ್ತು ಬೂದಿ ಬಣ್ಣ ಇದ್ದರೆ ಊರ ಕಾಗೆ. ಮೈಯೆಲ್ಲಾ ಕಪ್ಪಾಗಿದ್ದರೆ ಕಾಡು ಕಾಗೆ. ನಾಳೆ ಬೆಳಗ್ಗೆ ನಿಮ್ಮ ಮನೆ ಮುಂದೆ ಯಾವುದು ಬರುತ್ತೆ, ನೋಡಿ.

ಹಕ್ಕಿ ನಮಗಾಗಿ ಕಾದು ನಿಲ್ಲೋದಿಲ್ಲ. ಕ್ಷಣದಲ್ಲಿ ಹಾರಿಹೋಗುತ್ತೆ. "ಕಾಲು ಯಾವ ಬಣ್ಣ ಇತ್ತು?" ಅಂತ ಆಮೇಲೆ ಯೋಚಿಸಿದರೆ ನೆನಪಾಗೋದಿಲ್ಲ. ಫೋಟೊ ಇದ್ದರೆ ನಿಧಾನವಾಗಿ ನೋಡಬಹುದು. ತಿಳಿದವರಿಗೆ ತೋರಿಸಿ ಕೇಳಬಹುದು.

ಹುಲಿಗೂ ಒಂದು ಹೆಬ್ಬೆಟ್ಟು

ನಿಮ್ಮಲ್ಲಿ ಕೆಲವರು ಮೊದಲು ಕಾಗದದ ಮೇಲೆ ಹೆಬ್ಬೆಟ್ಟು ಒತ್ತುತ್ತಿದ್ದಿರಿ. ಈಗ ಸಹಿ ಹಾಕುತ್ತೀರಿ. ಹೆಬ್ಬೆಟ್ಟನ್ನು ಯಾಕೆ ಒತ್ತಿಸಿಕೊಳ್ಳುತ್ತಾರೆ? ಒಬ್ಬರ ಬೆರಳ ಗೆರೆ ಇನ್ನೊಬ್ಬರಿಗೆ ಇರೋದಿಲ್ಲ. ಅದಕ್ಕೆ.

ಹುಲಿಯ ಮೈ ಮೇಲಿನ ಪಟ್ಟೆಯೂ ಹಾಗೇ. ಒಂದು ಹುಲಿಯ ಪಟ್ಟೆ ಇನ್ನೊಂದು ಹುಲಿಗೆ ಇರೋದಿಲ್ಲ. ಚಿರತೆಯ ಚುಕ್ಕೆಯೂ ಅಷ್ಟೇ.

ಮೊದಲು ಕಾಡಿನಲ್ಲಿ ಹೆಜ್ಜೆ ಗುರುತು ನೋಡಿ ಹುಲಿ ಎಣಿಸುತ್ತಿದ್ದರು. ಅದರಲ್ಲಿ ತಪ್ಪು ಆಗುತ್ತಿತ್ತು. ಒಂದೇ ಹುಲಿಯ ಹೆಜ್ಜೆ ಕೆಸರಿನಲ್ಲಿ ಒಂದು ತರಹ, ಮರಳಿನಲ್ಲಿ ಇನ್ನೊಂದು ತರಹ ಕಾಣುತ್ತೆ. 1990ರ ದಶಕದಲ್ಲಿ ನಮ್ಮ ಕರ್ನಾಟಕದ ನಾಗರಹೊಳೆ ಕಾಡಿನಲ್ಲಿ ವಿಜ್ಞಾನಿ ಕೆ. ಉಲ್ಲಾಸ ಕಾರಂತ ಅವರು ಬೇರೆ ದಾರಿ ಹಿಡಿದರು. ಹುಲಿ ಓಡಾಡುವ ದಾರಿಯಲ್ಲಿ ಕ್ಯಾಮೆರಾ ಇಟ್ಟರು. ಹುಲಿ ಮುಂದೆ ಹಾದುಹೋದರೆ ಕ್ಯಾಮೆರಾ ತಾನೇ ಫೋಟೊ ತೆಗೆಯುತ್ತೆ. ಆ ಫೋಟೊದಲ್ಲಿ ಪಟ್ಟೆ ನೋಡಿ "ಇದು ಆ ಹುಲಿ, ಇದು ಬೇರೆ ಹುಲಿ" ಅಂತ ಗುರುತಿಸಿದರು.

ಆಮೇಲೆ ಇಡೀ ದೇಶದಲ್ಲೇ ಹೀಗೆ ಹುಲಿ ಎಣಿಸೋದು ಶುರುವಾಯಿತು. 2018ರ ಎಣಿಕೆಯಲ್ಲಿ 26,838 ಜಾಗಗಳಲ್ಲಿ ಕ್ಯಾಮೆರಾ ಇಟ್ಟಿದ್ದರು. ಸುಮಾರು 3 ಕೋಟಿ 48 ಲಕ್ಷ ಫೋಟೊ ಬಂದವು! ಅದರಲ್ಲಿ ಹುಲಿಯ ಫೋಟೊ 76,651. ಪಟ್ಟೆ ಹೋಲಿಸಿ ನೋಡಿದಾಗ 2,461 ಬೇರೆ ಬೇರೆ ಹುಲಿಗಳು ಸಿಕ್ಕವು. 2022ರ ಎಣಿಕೆಯ ಪ್ರಕಾರ ಕರ್ನಾಟಕದಲ್ಲಿ 563 ಹುಲಿಗಳಿವೆ ಅನ್ನುವ ಅಂದಾಜು ಸಿಕ್ಕಿತು.

ನೋಡಿ, ಫೋಟೊ ಅಂದರೆ ಬರೀ ಚಂದಕ್ಕಲ್ಲ. ಲೆಕ್ಕಕ್ಕೂ ಬೇಕು.

ಎಲ್ಲ ಕಡೆ ವಿಜ್ಞಾನಿ ಇರಲಾರರು

ಹುಲಿಯ ಕಾಡಿಗೆ ಕ್ಯಾಮೆರಾ ಇದೆ, ಸರ್ಕಾರ ಇದೆ, ವಿಜ್ಞಾನಿಗಳಿದ್ದಾರೆ. ನಮ್ಮ ಬೀದಿಯ ಓತಿಕ್ಯಾತಕ್ಕೆ ಯಾರಿದ್ದಾರೆ? ಚರಂಡಿ ಪಕ್ಕದ ಕಪ್ಪೆಗೆ ಯಾರಿದ್ದಾರೆ?

ನಾವಿದ್ದೀವಿ. ದಿನಾ ನೋಡುವವರು ನಾವೇ. ಹೀಗೆ ಸಾಮಾನ್ಯ ಜನ ತಾವು ಕಂಡದ್ದನ್ನು ಬರೆದು, ಫೋಟೊ ತೆಗೆದು ವಿಜ್ಞಾನಕ್ಕೆ ಕೊಡುವುದಕ್ಕೆ "ನಾಗರಿಕ ವಿಜ್ಞಾನ" ಅಂತ ಹೆಸರು. ಇದಕ್ಕೆ ಡಿಗ್ರಿ ಬೇಡ. ಸಂಬಳ ಇಲ್ಲ. ಕಣ್ಣು ಬೇಕು, ತಾಳ್ಮೆ ಬೇಕು, ಸುಳ್ಳು ಬರೆಯದ ಮನಸ್ಸು ಬೇಕು.

ಊರಿನ ಹತ್ತಿರ ಹೊಸದೇನು ಸಿಗುತ್ತೆ ಅಂತೀರಾ? 2020ರಲ್ಲಿ ಬೆಂಗಳೂರಿನ ಹೊರವಲಯದಲ್ಲಿ ಒಂದು ಕಪ್ಪೆ ಸಿಕ್ಕಿತು. ಅದು ಮಣ್ಣು ಕೊರೆದು ನೆಲದೊಳಗೆ ಇರುವ ಕಪ್ಪೆ. ಮಳೆ ಬಂದಾಗ ಹೊರಗೆ ಬರುತ್ತೆ. ಅಲ್ಲಿಯವರೆಗೆ ಅದಕ್ಕೆ ವಿಜ್ಞಾನದಲ್ಲಿ ಹೆಸರೇ ಇರಲಿಲ್ಲ. ವಿಜ್ಞಾನಿಗಳು ಅದಕ್ಕೆ "ಸ್ಫೀರೊಥೀಕ ಬೆಂಗಳೂರು" ಅಂತ ನಮ್ಮ ಊರಿನ ಹೆಸರನ್ನೇ ಇಟ್ಟರು. ಕೋಟಿಗಟ್ಟಲೆ ಜನ ಇರುವ ಊರಿನ ಪಕ್ಕದಲ್ಲೇ ಹೆಸರಿಲ್ಲದ ಕಪ್ಪೆ ಇತ್ತು! ಅದರ ಕೂಗನ್ನು ಎಷ್ಟು ಜನ ಹೆಣ್ಣುಮಕ್ಕಳು ಮಳೆಗಾಲದಲ್ಲಿ ಕೇಳಿದ್ದರೋ ಏನೋ. ಆದರೆ ಯಾರೂ ಬರೆದಿಟ್ಟಿರಲಿಲ್ಲ.

ರಾತ್ರಿಯ ಪುಟ್ಟ ಪ್ರಾಣಿ ಕಾಡುಪಾಪ

ಕಾಡುಪಾಪದ ಹೆಸರು ಕೇಳಿದ್ದೀರಾ? ದೊಡ್ಡ ದುಂಡು ಕಣ್ಣು. ಕಡ್ಡಿಯಂಥ ಕೈಕಾಲು. ಬಾಲ ಇಲ್ಲ. ತೂಕ ಕಾಲು ಕೆಜಿ ಆಸುಪಾಸು. ಹಗಲು ಮಲಗುತ್ತೆ, ರಾತ್ರಿ ಎದ್ದು ಹುಳ ಹಿಡಿಯುತ್ತೆ. ಇದು ನಮ್ಮ ಉತ್ತರ ಬೆಂಗಳೂರಿನಲ್ಲೇ ಇದೆ. ಯಶವಂತಪುರದ ಹತ್ತಿರದ ಭಾರತೀಯ ವಿಜ್ಞಾನ ಸಂಸ್ಥೆಯ ಮರಗಳಲ್ಲಿ ಇದನ್ನು ಕಂಡಿದ್ದಾರೆ. ಆ ಸಂಸ್ಥೆಗೆ ಜನ ಟಾಟಾ ಇನ್‌ಸ್ಟಿಟ್ಯೂಟ್ ಅಂತಾರೆ.

ಕಾಡುಪಾಪ ಕೋತಿಯ ಹಾಗೆ ಜಿಗಿಯೋದಿಲ್ಲ. ಒಂದು ಕೊಂಬೆ ಹಿಡಿದು ಇನ್ನೊಂದು ಕೊಂಬೆಗೆ ನಿಧಾನವಾಗಿ ದಾಟುತ್ತೆ. ಮರದ ಕೊಂಬೆ ಕೊಂಬೆ ತಾಕುತ್ತಿರಬೇಕು. ನಡುವೆ ಒಂದು ಮರ ಕಡಿದರೆ ಅದರ ದಾರಿ ಮುಚ್ಚಿಹೋಯಿತು. ಆಗ ನೆಲಕ್ಕೆ ಇಳಿಯುತ್ತೆ. ನಾಯಿ ಹಿಡಿಯುತ್ತೆ, ಇಲ್ಲವೇ ಗಾಡಿ ಕೆಳಗೆ ಸಾಯುತ್ತೆ. ಮಾಟ ಮಂತ್ರಕ್ಕೆ ಬೇಕು ಅಂತ ಇದನ್ನು ಹಿಡಿದು ಹಿಂಸೆ ಕೊಡುವವರೂ ಇದ್ದಾರೆ. ಅದು ಮೂಢನಂಬಿಕೆ. ಕಾನೂನಿನಲ್ಲಿ ದೊಡ್ಡ ಅಪರಾಧ ಕೂಡ.

ಬೆಂಗಳೂರಿನಲ್ಲಿ ಕಾಡುಪಾಪ ಎಲ್ಲೆಲ್ಲಿ ಉಳಿದಿದೆ? ಇದನ್ನು ತಿಳಿಯಲು 2014ರಲ್ಲಿ ಒಂದು ಕೆಲಸ ಶುರುವಾಯಿತು. ವಿಜ್ಞಾನಿ ಕಾಬೇರಿ ಕರ್ ಗುಪ್ತ ಅವರ ಜೊತೆ ಊರಿನ ಸಾಮಾನ್ಯ ಜನ ಸೇರಿಕೊಂಡರು. ರಾತ್ರಿ ಗುಂಪಾಗಿ ನಡೆದರು. ಟಾರ್ಚಿನ ಬೆಳಕನ್ನು ಕೆಂಪು ಮಾಡಿಕೊಂಡರು. ಕೆಂಪು ಬೆಳಕು ಆ ಪ್ರಾಣಿಯ ಕಣ್ಣಿಗೆ ಅಷ್ಟು ತೊಂದರೆ ಕೊಡೋದಿಲ್ಲ. ಮರದಲ್ಲಿ ಎರಡು ಕಣ್ಣು ಹೊಳೆದರೆ ಯಾವ ಮರ, ಎಷ್ಟು ಹೊತ್ತು, ಎಷ್ಟು ಪ್ರಾಣಿ ಅಂತ ಬರೆದುಕೊಂಡರು.

ಆ ಬರಹದಿಂದ ಏನು ಉಪಯೋಗ? "ಈ ಮರಗಳಲ್ಲಿ ಕಾಡುಪಾಪ ಇದೆ" ಅಂತ ದಾಖಲೆ ಇದ್ದರೆ ಮರ ಕಡಿಯಲು ಬಂದವರನ್ನು ನಿಲ್ಲಿಸಿ ಕೇಳಬಹುದು. ದಾಖಲೆ ಇಲ್ಲದಿದ್ದರೆ "ಇಲ್ಲಿ ಏನೂ ಇಲ್ಲ" ಅಂತ ಅವರು ಹೇಳಿದ್ದೇ ಮಾತು.

ಹೆಸರಘಟ್ಟದ ಹುಲ್ಲುಗಾವಲು

ನಾಗಸಂದ್ರದಿಂದ ಹೆಸರಘಟ್ಟ ಬಹಳ ದೂರ ಇಲ್ಲ. ಅಲ್ಲಿ ಅರ್ಕಾವತಿ ನದಿಗೆ ಕಟ್ಟಿದ ಕೆರೆ ಇದೆ. 19ನೇ ಶತಮಾನದ ಕೊನೆಯಲ್ಲಿ ಬೆಂಗಳೂರಿಗೆ ಕೊಳಾಯಿ ನೀರು ಬಂದದ್ದು ಆ ಕೆರೆಯಿಂದಲೇ. ಅದರ ಪಕ್ಕದಲ್ಲಿ ದೊಡ್ಡ ಹುಲ್ಲುಗಾವಲು ಇದೆ.

ಮರ ಇಲ್ಲದ ಜಾಗ ಅಂದರೆ ಎಷ್ಟೋ ಜನಕ್ಕೆ ಅದು ಬರಡು ಭೂಮಿ. "ಸುಮ್ಮನೆ ಬಿದ್ದಿದೆ, ಏನಾದರೂ ಕಟ್ಟೋಣ" ಅಂತಾರೆ. ಹೆಸರಘಟ್ಟದಲ್ಲಿ ಚಿತ್ರನಗರಿ ಮಾಡಬೇಕು ಅನ್ನುವ ಮಾತೂ ಬಂದಿತ್ತು. ಆದರೆ ಹುಲ್ಲಿನಲ್ಲಿ ಜೀವ ಇದೆ. ನೆಲಗುಬ್ಬಿ ನೆಲದ ಮೇಲೇ ಗೂಡು ಕಟ್ಟುತ್ತೆ. ಚಳಿಗಾಲದಲ್ಲಿ ಸೆಳೆವ ಅನ್ನುವ ಬೇಟೆ ಹಕ್ಕಿ ದೂರದ ಉತ್ತರ ದೇಶಗಳಿಂದ ಹಾರಿ ಬರುತ್ತೆ. ಹುಲ್ಲಿನ ಮೇಲೆ ತೇಲಿಕೊಂಡು ಇಲಿ, ಮಿಡತೆ ಹುಡುಕುತ್ತೆ. ಮರದ ತೋಪು ಬೆಳೆಸಿದರೆ ಈ ಹಕ್ಕಿಗಳಿಗೆ ಜಾಗ ಇಲ್ಲ. ಅವಕ್ಕೆ ಬಯಲೇ ಬೇಕು. ಸುತ್ತಲಿನ ಹಳ್ಳಿಗಳ ದನ ಕುರಿಗೂ ಬಯಲೇ ಬೇಕು.

ಹಕ್ಕಿ ನೋಡುವವರು, ಫೋಟೊ ತೆಗೆಯುವವರು ವರ್ಷಗಟ್ಟಲೆ ಅಲ್ಲಿಗೆ ಹೋದರು. ಏನು ಕಂಡಿತು, ಯಾವಾಗ ಕಂಡಿತು ಅಂತ ಪಟ್ಟಿ ಮಾಡಿದರು. ಈ ಜಾಗವನ್ನು ಕಾಪಾಡಿ ಅಂತ ಸರ್ಕಾರವನ್ನು ಕೇಳಿದರು. 2021ರಲ್ಲಿ ರಾಜ್ಯ ವನ್ಯಜೀವಿ ಮಂಡಳಿ ಒಪ್ಪಲಿಲ್ಲ. ಜನ ಬಿಡಲಿಲ್ಲ. ವಿಷಯ ಹೈಕೋರ್ಟಿಗೂ ಹೋಯಿತು. ಕೊನೆಗೆ 2024ರ ಅಕ್ಟೋಬರ್ ತಿಂಗಳಲ್ಲಿ ಮಂಡಳಿ ಒಪ್ಪಿಕೊಂಡಿತು. 5,600 ಎಕರೆಗೂ ಹೆಚ್ಚು ಜಾಗವನ್ನು ಸಂರಕ್ಷಣಾ ಮೀಸಲು ಪ್ರದೇಶ ಮಾಡುವ ತೀರ್ಮಾನ ಆಯಿತು.

ಅಲ್ಲಿ ಹೋರಾಟಕ್ಕೆ ಬಲ ಕೊಟ್ಟದ್ದು ಏನು? ಬರೀ ಕೂಗು ಅಲ್ಲ. ತಾರೀಖು ಬರೆದ ಪಟ್ಟಿ, ಜಾಗ ಬರೆದ ಫೋಟೊ.

ಫೋಟೊ ತೆಗೆಯೋದು ಹೇಗೆ?

ದೊಡ್ಡ ಕ್ಯಾಮೆರಾ ಬೇಕಾಗಿಲ್ಲ. ಮನೆಯಲ್ಲಿರುವ ಮೊಬೈಲ್ ಸಾಕು. ಚಂದದ ಫೋಟೊ ಬೇಕಾಗಿಲ್ಲ. ಗುರುತು ಸಿಗುವ ಫೋಟೊ ಬೇಕು.

1. ಮೊದಲು ಇದ್ದ ಜಾಗದಿಂದಲೇ ಒಂದು ಫೋಟೊ ತೆಗೆಯಿರಿ. ಹತ್ತಿರ ಹೋದರೆ ಹಾರಿಹೋಗಬಹುದು. ಒಂದಾದರೂ ಕೈಯಲ್ಲಿರಲಿ.

2. ಆಮೇಲೆ ಒಂದೊಂದೇ ಹೆಜ್ಜೆ ಇಡಿ. ಪ್ರಾಣಿ ತಲೆ ಎತ್ತಿ ನಿಮ್ಮನ್ನು ನೋಡಿದರೆ ಅಲ್ಲೇ ನಿಲ್ಲಿ. ಅದು ಹೆದರಿದೆ ಅಂತ ಅರ್ಥ.

3. ಸೂರ್ಯ ನಿಮ್ಮ ಬೆನ್ನ ಹಿಂದೆ ಇರಲಿ. ಸೂರ್ಯನ ಕಡೆ ಮುಖ ಮಾಡಿ ತೆಗೆದರೆ ಹಕ್ಕಿ ಕರ್ರಗೆ ಕಾಣುತ್ತೆ, ಬಣ್ಣ ತಿಳಿಯೋದಿಲ್ಲ.

4. ಸಾಧ್ಯವಾದರೆ ಮೂರು ಫೋಟೊ ಇರಲಿ. ಇಡೀ ಮೈ ಒಂದು, ಪಕ್ಕದಿಂದ ಒಂದು, ತಲೆ ಒಂದು. ಚಿಟ್ಟೆ ಆದರೆ ರೆಕ್ಕೆಯ ಮೇಲುಭಾಗ, ಕೆಳಭಾಗ ಎರಡೂ ಬೇಕು. ಎರಡು ಕಡೆ ಬಣ್ಣ ಬೇರೆ ಇರುತ್ತೆ.

5. ಪ್ರಾಣಿ ಕಾಣದಿದ್ದರೂ ಗುರುತು ಸಿಗಬಹುದು. ಕೆಸರಿನಲ್ಲಿ ಹೆಜ್ಜೆ, ಬಿದ್ದ ಪುಕ್ಕ, ಹಿಕ್ಕೆ, ಹಾವಿನ ಪೊರೆ. ಇವಕ್ಕೂ ಫೋಟೊ ತೆಗೆಯಬಹುದು. ಪಕ್ಕದಲ್ಲಿ ಒಂದು ಬೆಂಕಿಪೊಟ್ಟಣ ಇಡಿ. ಅಳತೆ ಗೊತ್ತಾಗುತ್ತೆ.

6. ರಾತ್ರಿ ಫ್ಲಾಶ್ ಹಾಕಬೇಡಿ. ಕತ್ತಲಿಗೆ ಒಗ್ಗಿದ ಕಣ್ಣಿಗೆ ಅದು ಹೊಡೆದ ಹಾಗೆ.

ಫೋಟೊ ಕೆಳಗೆ ನಾಲ್ಕು ಸಾಲು

ಫೋಟೊ ತೆಗೆದಾಯಿತು. ಅಷ್ಟೇ ಸಾಕಾ? ಸಾಲದು.

ಹೋದ ವರ್ಷ ನೀವು ತೆಗೆದ ಒಂದು ಹಕ್ಕಿಯ ಫೋಟೊ ಮೊಬೈಲಿನಲ್ಲಿದೆ ಅಂದುಕೊಳ್ಳಿ. ಅದು ಎಲ್ಲಿ ತೆಗೆದದ್ದು? ನಾಗಸಂದ್ರದಲ್ಲೋ, ತವರು ಮನೆಯಲ್ಲೋ? ಮರೆತುಹೋಗಿದೆ. ಈಗ ಆ ಫೋಟೊ ನೋಡಲು ಚಂದ. ಸಾಕ್ಷಿಗೆ ಬರೋದಿಲ್ಲ.

"ಮೊಬೈಲಿನಲ್ಲೇ ತಾರೀಖು ಇರುತ್ತಲ್ಲಾ?" ಅಂತ ಕೇಳಬಹುದು. ಇರುತ್ತೆ, ನಿಜ. ಆದರೆ ಅದೇ ಫೋಟೊವನ್ನು ವಾಟ್ಸಾಪಿನಲ್ಲಿ ಮಾಮೂಲಿಯಾಗಿ ಕಳಿಸಿದರೆ, ಜೊತೆಗಿದ್ದ ತಾರೀಖು, ಜಾಗದ ವಿವರ ಅಳಿಸಿಹೋಗುತ್ತೆ. ಪಡೆದವರಿಗೆ ಬರೀ ಚಿತ್ರ ಸಿಗುತ್ತೆ. ನೀವು ನೋಟ್‌ಬುಕ್ಕಿನಲ್ಲಿ ಬರೆದದ್ದು ಅಳಿಸೋದಿಲ್ಲ.

ಆದ್ದರಿಂದ ಈ ನಾಲ್ಕು ಸಾಲು ಬರೆಯಿರಿ:

ಯಾವಾಗ? ತಾರೀಖು, ತಿಂಗಳು, ವರ್ಷ, ಹೊತ್ತು.
ಎಲ್ಲಿ? ಊರು, ಬೀದಿ, ಹತ್ತಿರದ ಗುರುತು.
ಏನು, ಎಷ್ಟು? ನಿಮಗೆ ಗೊತ್ತಿರುವ ಹೆಸರು, ಎಷ್ಟು ಇದ್ದವು.
ಏನು ಮಾಡುತ್ತಿತ್ತು? ತಿನ್ನುತ್ತಿತ್ತಾ, ಗೂಡಿಗೆ ಕಡ್ಡಿ ತರುತ್ತಿತ್ತಾ, ಕೂಗುತ್ತಿತ್ತಾ?

ಒಂದು ಮಾದರಿ ನೋಡಿ:

ಭಾನುವಾರ, ಬೆಳಗ್ಗೆ 7 ಗಂಟೆ. (ತಾರೀಖು, ವರ್ಷ ಇಲ್ಲಿ ಬರಬೇಕು.)
ನಾಗಸಂದ್ರ, ನಮ್ಮ ಬೀದಿಯ ಹೊಂಗೆ ಮರ.
ಪಿಕಳಾರ, 2.
ಒಂದರ ಬಾಯಲ್ಲಿ ಒಣ ಹುಲ್ಲಿನ ಎಳೆ ಇತ್ತು.

ಎಷ್ಟು ಚಿಕ್ಕ ಬರಹ! ಆದರೆ ಇದರಿಂದ ಏನು ತಿಳಿಯಿತು ನೋಡಿ. ಈ ತಿಂಗಳು ಪಿಕಳಾರ ಇಲ್ಲಿ ಗೂಡು ಕಟ್ಟುತ್ತಿದೆ. ಆ ಮರದ ಕೊಂಬೆ ಈಗ ಕಡಿಯಬಾರದು.

ಹೆಸರು ಗೊತ್ತಿಲ್ಲದಿದ್ದರೆ "ಹೆಸರು ಗೊತ್ತಿಲ್ಲ" ಅಂತಲೇ ಬರೆಯಿರಿ. ಅದರಲ್ಲಿ ನಾಚಿಕೆ ಇಲ್ಲ. ಊಹೆ ಮಾಡಿ ದೊಡ್ಡ ಹೆಸರು ಬರೆಯೋದಕ್ಕಿಂತ ಅದು ಎಷ್ಟೋ ಮೇಲು. ನಿಮ್ಮ ಅಜ್ಜಿ ಒಂದು ಹೆಸರು ಹೇಳುತ್ತಿದ್ದರೆ ಅದನ್ನೂ ಬರೆಯಿರಿ. ಆ ಹೆಸರು ಯಾವ ಪುಸ್ತಕದಲ್ಲೂ ಇಲ್ಲದೇ ಇರಬಹುದು.

ಎಲ್ಲಿಗೆ ಕಳಿಸೋದು?

ಇದಕ್ಕಾಗಿಯೇ ಇಂಟರ್‌ನೆಟ್ಟಿನಲ್ಲಿ ಜಾಗಗಳಿವೆ. "ಐನ್ಯಾಚುರಲಿಸ್ಟ್" ಅನ್ನುವುದು ಒಂದು. ಅದು 2008ರಲ್ಲಿ ಅಮೆರಿಕದಲ್ಲಿ ಶುರುವಾಯಿತು. "ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್" ನಮ್ಮ ದೇಶದ್ದು. ಹಕ್ಕಿಗಳಿಗೆ ಮಾತ್ರ "ಇಬರ್ಡ್" ಅಂತ ಬೇರೆ ಇದೆ. ಇವುಗಳಿಗೆ ದುಡ್ಡು ಕೊಡಬೇಕಾಗಿಲ್ಲ. ಇಂಗ್ಲಿಷ್ ಕಷ್ಟವಾದರೆ ಓದುವ ಮಗಳನ್ನೋ ಮೊಮ್ಮಗನನ್ನೋ ಪಕ್ಕದಲ್ಲಿ ಕೂರಿಸಿಕೊಳ್ಳಿ.

ಫೋಟೊ, ತಾರೀಖು, ಜಾಗ ಹಾಕಿದರೆ ಬೇರೆ ಊರಿನ ತಿಳಿದವರು ನೋಡುತ್ತಾರೆ. "ಇದು ಇಂಥ ಪ್ರಭೇದ" ಅಂತ ಒಬ್ಬರು ಹೇಳುತ್ತಾರೆ. ಇನ್ನೊಬ್ಬರು "ಹೌದು" ಅಂದರೆ ಗುರುತು ಗಟ್ಟಿಯಾಯಿತು. ಒಬ್ಬರೇ ಹೇಳಿದ್ದನ್ನು ಕಣ್ಣು ಮುಚ್ಚಿ ಒಪ್ಪೋದಿಲ್ಲ. ಆಮೇಲೆ ಆ ದಾಖಲೆಯನ್ನು ವಿಜ್ಞಾನಿಗಳು ಬಳಸುತ್ತಾರೆ.

ಪ್ರತಿ ವರ್ಷ ಫೆಬ್ರವರಿಯಲ್ಲಿ ನಾಲ್ಕು ದಿನ ಜಗತ್ತಿನ ತುಂಬಾ ಹಿತ್ತಲಿನ ಹಕ್ಕಿ ಎಣಿಕೆ ನಡೆಯುತ್ತೆ. 2013ರಿಂದ ಭಾರತದಲ್ಲೂ ನಡೆಯುತ್ತಿದೆ. 15 ನಿಮಿಷ ಒಂದು ಕಡೆ ನಿಂತು ಕಂಡ ಹಕ್ಕಿಗಳನ್ನು ಎಣಿಸಿ ಬರೆದರೆ ಸಾಕು. ಫೋಟೊ ಇಲ್ಲದಿದ್ದರೂ ನಡೆಯುತ್ತೆ.

ಇನ್ನೊಂದು ದಾರಿ ನಮ್ಮ ಊರಲ್ಲೇ ಇದೆ. 2002ರ ಜೀವವೈವಿಧ್ಯ ಕಾಯ್ದೆ ಪ್ರಕಾರ ಪ್ರತಿ ಪಂಚಾಯಿತಿ, ನಗರ ಸಂಸ್ಥೆಯಲ್ಲಿ ಒಂದು ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಅದು ಊರಿನ ಗಿಡ, ಪ್ರಾಣಿ, ಹಕ್ಕಿಗಳ ದಾಖಲಾತಿ ಪುಸ್ತಕ ಇಡಬೇಕು. "ನಮ್ಮ ಊರಿನ ಪುಸ್ತಕ ಎಲ್ಲಿದೆ? ನಾವೂ ಬರೆಸುತ್ತೇವೆ" ಅಂತ ಕೇಳುವ ಹಕ್ಕು ನಿಮಗಿದೆ. 

ಹಾವು ಕಂಡರೆ

ಇದನ್ನು ನಿಧಾನವಾಗಿ, ಎರಡು ಸಲ ಓದಿ.

ಹಾವು ಕಂಡರೆ ಹೊಡೆಯಬೇಡಿ. ಹತ್ತಿರ ಹೋಗಬೇಡಿ. ದೂರದಿಂದ ಒಂದು ಫೋಟೊ ಸಿಕ್ಕರೆ ಸರಿ, ಸಿಗದಿದ್ದರೂ ಸರಿ. ಕೇರೆ ಹಾವಿಗೆ ವಿಷ ಇಲ್ಲ. ಅದು ಇಲಿ ತಿನ್ನುತ್ತೆ. ಆದರೆ ನಾಗರಹಾವು ಅಂತ ತಿಳಿದು ಎಷ್ಟೋ ಜನ ಅದನ್ನು ಹೊಡೆದು ಸಾಯಿಸುತ್ತಾರೆ. ಫೋಟೊ ನೋಡಿದ ತಿಳಿದವರು "ಇದು ಕೇರೆ, ಬಿಟ್ಟುಬಿಡಿ" ಅಂದರೆ ಒಂದು ಜೀವ ಉಳಿಯುತ್ತೆ.

ನಮ್ಮ ದೇಶದಲ್ಲಿ ಹೆಚ್ಚು ಸಾವಿಗೆ ಕಾರಣವಾಗುವ ಹಾವುಗಳು ನಾಲ್ಕು. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ. ಕಟ್ಟುಹಾವು ರಾತ್ರಿ ಓಡಾಡುತ್ತೆ. ನೆಲದ ಮೇಲೆ ಮಲಗಿದವರನ್ನು ಕಚ್ಚಿದರೆ ನೋವೂ ಗೊತ್ತಾಗದೇ ಇರಬಹುದು.

ಹಾವು ಕಚ್ಚಿದರೆ ಫೋಟೊ ತೆಗೆಯಲು ನಿಲ್ಲಬೇಡಿ. ಹಾವನ್ನು ಹುಡುಕಬೇಡಿ. ಆಸ್ಪತ್ರೆಯಲ್ಲಿ ಕೊಡುವ ಔಷಧ ಈ ನಾಲ್ಕೂ ಹಾವಿನ ವಿಷಕ್ಕೆ ಒಂದೇ. ಡಾಕ್ಟರು ರೋಗಿಯ ಲಕ್ಷಣ ನೋಡಿ, ರಕ್ತ ಹೆಪ್ಪುಗಟ್ಟುತ್ತಾ ಅಂತ ಪರೀಕ್ಷೆ ಮಾಡಿ ಚಿಕಿತ್ಸೆ ಕೊಡುತ್ತಾರೆ. ಹಾವನ್ನು ತೋರಿಸಲೇಬೇಕು ಅಂತ ಇಲ್ಲ. ಬಳೆ, ಉಂಗುರ, ಕಾಲುಂಗುರ ತೆಗೆಯಿರಿ. ಕೈಕಾಲು ಆಡಿಸಬೇಡಿ. ಹಗ್ಗದಿಂದ ಬಿಗಿಯಬೇಡಿ. ಬ್ಲೇಡಿನಿಂದ ಕೊಯ್ಯಬೇಡಿ. ಮಂತ್ರ ಹಾಕಿಸುತ್ತಾ ಹೊತ್ತು ಕಳೆಯಬೇಡಿ. 108ಕ್ಕೆ ಫೋನ್ ಮಾಡಿ, ಬೇಗ ಆಸ್ಪತ್ರೆಗೆ ಹೋಗಿ.

2000ದಿಂದ 2019ರವರೆಗೆ ಭಾರತದಲ್ಲಿ ಹಾವು ಕಚ್ಚಿ ಸುಮಾರು 12 ಲಕ್ಷ ಜನ ಸತ್ತರು ಅಂತ 2020ರಲ್ಲಿ ಬಂದ ಒಂದು ಅಧ್ಯಯನ ಅಂದಾಜು ಮಾಡಿತು. 2024ರಲ್ಲಿ ಕರ್ನಾಟಕ ಸರ್ಕಾರ, ಹಾವು ಕಚ್ಚಿದ ಪ್ರತಿಯೊಂದು ಪ್ರಕರಣವನ್ನೂ ಆಸ್ಪತ್ರೆಗಳು ವರದಿ ಮಾಡಬೇಕು ಅಂತ ಆದೇಶ ಮಾಡಿತು. ಇಲ್ಲಿಯೂ ಅದೇ ಮಾತು. ಬರೆದರೆ ಲೆಕ್ಕ ಸಿಗುತ್ತೆ. ಲೆಕ್ಕ ಸಿಕ್ಕರೆ ಎಲ್ಲಿ ಎಷ್ಟು ಔಷಧ ಬೇಕು ಅಂತ ತಿಳಿಯುತ್ತೆ.

ಇವನ್ನು ಮಾಡಬೇಡಿ

ಫೋಟೊಗಾಗಿ ಗೂಡು ಮುಟ್ಟಬೇಡಿ. ಮರೆಯಾಗಿದ್ದ ಎಲೆ, ಕೊಂಬೆ ಸರಿಸಬೇಡಿ. ನೀವು ಹೋದ ಮೇಲೆ ಕಾಗೆಗೆ ಗೂಡಿನ ದಾರಿ ಸಿಗುತ್ತೆ.

ಕಲ್ಲು ಎಸೆದು ಹಾರಿಸಬೇಡಿ. ಮರಿಯನ್ನು ಕೈಯಲ್ಲಿ ಹಿಡಿದು ಸೆಲ್ಫಿ ತೆಗೆಯಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಕಾಡುಪ್ರಾಣಿಯನ್ನು ಹಿಡಿಯೋದು, ಸಾಕೋದು, ಕೊಲ್ಲೋದು ಅಪರಾಧ.

ಕಾಡುಪಾಪ, ನಕ್ಷತ್ರ ಆಮೆ ಇಂಥವು ಕಂಡರೆ ಸರಿಯಾದ ಜಾಗವನ್ನು ಎಲ್ಲರಿಗೂ ಹೇಳಬೇಡಿ. ಕದ್ದು ಮಾರುವವರು ಕಾಯುತ್ತಿರುತ್ತಾರೆ. ಐನ್ಯಾಚುರಲಿಸ್ಟಿನಲ್ಲಿ ಅಪಾಯದಲ್ಲಿರುವ ಪ್ರಾಣಿಗಳ ಜಾಗವನ್ನು ಮರೆಮಾಡಿ ತೋರಿಸುತ್ತಾರೆ. ನಾವೂ ಹಾಗೇ ಮಾಡಬೇಕು.

"ನಮ್ಮ ಏರಿಯಾಕ್ಕೆ ಚಿರತೆ ಬಂದಿದೆ" ಅಂತ ವಾಟ್ಸಾಪಿನಲ್ಲಿ ಫೋಟೊ ಬಂದರೆ ತಕ್ಷಣ ಮುಂದಕ್ಕೆ ಕಳಿಸಬೇಡಿ. ಯಾರು ತೆಗೆದದ್ದು, ಎಲ್ಲಿ, ಯಾವಾಗ ಅಂತ ಕೇಳಿ. ಉತ್ತರ ಇಲ್ಲದಿದ್ದರೆ ಅದು ಸಾಕ್ಷಿ ಅಲ್ಲ, ಗಾಳಿಸುದ್ದಿ. ನಿಜವಾಗಿ ಚಿರತೆ ಕಂಡರೆ ಮಕ್ಕಳನ್ನು ಒಳಗೆ ಕರೆದುಕೊಂಡು ಅರಣ್ಯ ಇಲಾಖೆಗೆ ತಿಳಿಸಿ.

ಮೊಬೈಲ್ ನಿಮ್ಮ ಕೈಯಲ್ಲಿ ಇಲ್ಲವೇ?

ಎಷ್ಟೋ ಮನೆಗಳಲ್ಲಿ ಮೊಬೈಲ್ ಇರೋದು ಗಂಡನ ಜೇಬಿನಲ್ಲಿ, ಇಲ್ಲವೇ ಮಗನ ಕೈಯಲ್ಲಿ. ಹೆಣ್ಣುಮಕ್ಕಳಿಗೆ ಸಿಗೋದು ರಾತ್ರಿ ಊಟ ಆದ ಮೇಲೆ. ಹಕ್ಕಿ ಬರೋದು ಬೆಳಗ್ಗೆ! ಏನು ಮಾಡೋದು?

ನಾಲ್ಕು ಸಾಲು ಬರೆಯಿರಿ. ಪಕ್ಕದಲ್ಲಿ ಚಿತ್ರ ಬಿಡಿಸಿ. ರಂಗೋಲಿ ಹಾಕುವ ಕೈಗೆ ಹಕ್ಕಿಯ ಚಿತ್ರ ಕಷ್ಟವೇ? ಕೊಕ್ಕು ಉದ್ದವೋ ಗಿಡ್ಡವೋ, ಬಾಲ ಕವಲೋ ಒಂದೇಯೋ, ಬಣ್ಣ ಎಲ್ಲೆಲ್ಲಿ ಏನು ಅಂತ ಗುರುತು ಹಾಕಿ. ಫೋಟೊ ಬರುವ ಮೊದಲು ವಿಜ್ಞಾನಿಗಳೂ ಹೀಗೇ ಮಾಡುತ್ತಿದ್ದರು. ಒಂದು ಗುಂಪಿನಲ್ಲಿ ಒಬ್ಬರ ಹತ್ತಿರ ಮೊಬೈಲ್ ಇದ್ದರೂ ಹತ್ತು ಜನರ ಕಣ್ಣು ಕೆಲಸ ಮಾಡಬಹುದು.

ಸೊಪ್ಪು ಕೀಳುವಾಗ, ದನಕ್ಕೆ ಹುಲ್ಲು ತರುವಾಗ, ಬಟ್ಟೆ ಒಣಗಿಸುವಾಗ ನೀವು ಕಾಣುವಷ್ಟನ್ನು ದೊಡ್ಡ ಕ್ಯಾಮೆರಾ ಹಿಡಿದು ಭಾನುವಾರ ಬರುವವರು ಕಾಣಲಾರರು. ನಿಮ್ಮ ಕಣ್ಣಿಗೆ ಇಷ್ಟು ವರ್ಷದ ಅಭ್ಯಾಸ ಇದೆ. ಇಲ್ಲದೇ ಇದ್ದದ್ದು ಅಕ್ಷರ ಒಂದೇ. ಅದೂ ಈಗ ಬಂತು.

ಹೊಸ ಪದಗಳು

ಪ್ರಭೇದ – ಒಂದೇ ಬಗೆಯ ಜೀವಿಗಳ ಗುಂಪು
ದಾಖಲೆ – ಬರೆದಿಟ್ಟ ಸಾಕ್ಷಿ
ಸಂರಕ್ಷಣೆ – ಕಾಪಾಡುವುದು
ನಾಗರಿಕ ವಿಜ್ಞಾನ – ಜನಸಾಮಾನ್ಯರು ಸೇರಿ ಮಾಡುವ ವಿಜ್ಞಾನ

ಗುಂಪಿನಲ್ಲಿ ಮಾತಾಡಿ

1. ನೀವು ಚಿಕ್ಕವರಾಗಿದ್ದಾಗ ಕಾಣುತ್ತಿದ್ದ ಯಾವ ಪ್ರಾಣಿ, ಹಕ್ಕಿ ಈಗ ಕಾಣುತ್ತಿಲ್ಲ? ಯಾಕಿರಬಹುದು?
2. ಬಯಲು ಜಾಗ ಬರಡು ಅಂತ ಯಾರಾದರೂ ಹೇಳಿದರೆ ನೀವು ಏನು ಹೇಳುತ್ತೀರಿ?
3. ಹಾವು ಕಚ್ಚಿದರೆ ಮಾಡಬೇಕಾದ್ದು ಏನು? ಮಾಡಬಾರದ್ದು ಏನು?

ಬರೆಯಿರಿ

ನಾಳೆ ಬೆಳಗ್ಗೆ 15 ನಿಮಿಷ ಬಾಗಿಲ ಮುಂದೆ ನಿಲ್ಲಿ. ಕಂಡ ಒಂದು ಜೀವಿಯ ಬಗ್ಗೆ ನಾಲ್ಕು ಸಾಲು ಬರೆಯಿರಿ. ಯಾವಾಗ? ಎಲ್ಲಿ? ಏನು, ಎಷ್ಟು? ಏನು ಮಾಡುತ್ತಿತ್ತು? ಕೆಳಗೆ ನಿಮ್ಮ ಹೆಸರು ಬರೆದು ಸಹಿ ಹಾಕಿ. ನೋಡಿದವರು ನೀವು. ಸಾಕ್ಷಿಯೂ ನೀವೇ.